ಮೂವತ್ತಡಿ ಎತ್ತರದ ಪೈಲಟ್

ಆ ಶನಿವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಭೋಜರಾಜರು ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದವರು ಬಾಯನ್ನೂ ತೆರೆಯದೆ ಇದ್ದಿದ್ದರೆ, ಮುಂದಿನದೇನೂ ಆಗುತ್ತಿರಲಿಲ್ಲ.

ಎದುರು ಮನೆಯ ವೃಂದಾ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ಅಳುವ ದನಿಯಲ್ಲಿ ಮಾತಾಡುತ್ತಿದ್ದಳು. ತುಮಕೂರಿನ ಹುಡುಗಿ; ಎರಡು ವರ್ಷದಿಂದ ಇಲ್ಲೇ ಚೆನ್ನೈನ ವಡಪಳನಿಯ ಸಿನಿಮಾ ಕಂಪನಿಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಶೂಟಿಂಗಿಗೆ ಆನೆ ಬೇಕೆಂದರೆ ಆನೆ, ಅರವತ್ತು ಜನ ಅಜ್ಜಿಯರು ಬೇಕೆಂದರೆ ಅರವತ್ತು ಅಜ್ಜಿಯರು, ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುವುದು ಅವಳ ಕೆಲಸ.

"ಎರಡನೇ ಪೈಲಟ್ಟೂ ಕೈ ಕೊಟ್ಟ್ರು ಸರ್. ಈಗ ಎಲ್ಲಿಂದ ತರ್ಲಿ ಇನ್ನೊಬ್ರನ್ನ? ಅದು ಮಾಮೂಲಿ ವಿಮಾನ ಅಲ್ಲ, ಫ್ರೆಂಚ್‌ದು. ಜೋಡೆಲ್ಲೋ ಏನೋ..."

"ಜೋಡೆಲ್," ಎಂದರು ಭೋಜರಾಜರು, ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು. "ಇಬ್ಬರು ಪಕ್ಕಪಕ್ಕ ಕೂರೋ ಮರದ ವಿಮಾನ. ರೆಕ್ಕೆ ತುದಿ ಮೇಲಕ್ಕೆ ಮಡಚಿದ ಹಾಗಿರುತ್ತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತ ಮಾಡಿದ್ದು."

ವೃಂದಾ ಫೋನನ್ನು ಕಿವಿಯಿಂದ ಇಳಿಸಿ ಅವರನ್ನು ನೋಡಿದಳು. ಮರಳುಗಾಡಿನಲ್ಲಿ ನಡೆದವಳು ಎಳನೀರಿನ ಗಾಡಿಯನ್ನು ನೋಡಿದ ಹಾಗಿತ್ತು ಆ ನೋಟ.

"ಅಂಕಲ್! ನಿಮಗೆ ಹೇಗೆ ಗೊತ್ತು?"

ಭೋಜರಾಜರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿ ನಾಗಮಣಿಯ ಹೆಮ್ಮೆಯ ದನಿ ಬಂತು. "ಅವರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ? ಫ್ಲೈಯಿಂಗ್ ಕ್ಲಬ್‌ನಲ್ಲಿ ಇದ್ದವರಲ್ವಾ! ಪೈಲಟ್ಟು!"

ಭೋಜರಾಜರು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಇದ್ದದ್ದು ನಿಜ. ಬಿ.ಕಾಂ. ಮುಗಿಸಿ, ವಿಮಾ ಕಚೇರಿಯ ಕೆಲಸಕ್ಕೆ ಕಾಯುತ್ತಿದ್ದ ಎಂಟು ತಿಂಗಳು ಮೈಸೂರಿನ ಹತ್ತಿರದ ಒಂದು ಕ್ಲಬ್ಬಿನಲ್ಲಿ ಟೈಪಿಸ್ಟ್ ಆಗಿದ್ದರು. ಅಲ್ಲೊಂದು ಜೋಡೆಲ್ ವಿಮಾನವಿತ್ತು. ಅದರ ಒಂದೊಂದು ಭಾಗಕ್ಕೂ ಫ್ರಾನ್ಸಿಗೆ ಪತ್ರ ಟೈಪು ಮಾಡಿದವರು ಇವರೇ. ಬೋಲ್ಟು ಎಷ್ಟು, ತಂತಿ ಎಷ್ಟು, ಬಟ್ಟೆ ಎಷ್ಟು ಗಜ ಎನ್ನುವುದೆಲ್ಲ ಇಂದಿಗೂ ಬಾಯಿಪಾಠ. ಆದರೆ ವಿಮಾನದೊಳಗೆ ಒಂದು ದಿನವೂ ಕೂತವರಲ್ಲ. ಮದುವೆಯ ಮಾತುಕತೆಯಲ್ಲಿ ದಲ್ಲಾಳಿ "ಹುಡುಗ ಫ್ಲೈಯಿಂಗ್ ಕ್ಲಬ್ಬಿನಲ್ಲಿದ್ದವನು" ಎಂದಾಗ, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಹುಡುಗಿಯ ಮನೆಯ ಹಾಲ್‌ನಲ್ಲಿ ಎಲ್ಲರ ಕಣ್ಣೂ ಅರಳಿದ್ದವು. ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ನಾಗಮಣಿಯ ಕಣ್ಣು ಎಲ್ಲರಿಗಿಂತ ಹೆಚ್ಚು. ಅಷ್ಟು ಚೆಂದದ ಕಣ್ಣುಗಳನ್ನು ತಿದ್ದಲು ಭೋಜರಾಜರಿಗೆ ಮನಸ್ಸು ಬರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದರು, ಅಷ್ಟೆ. ಹಾಗೆ ಮೂವತ್ತಮೂರು ವರ್ಷ ಸುಮ್ಮನಿದ್ದರು.

"ಇವತ್ತೊಂದೇ ದಿನ ಅಂಕಲ್," ವೃಂದಾ ಎರಡೂ ಕೈ ಮುಗಿದಳು. "ಕತೇಲಿ ಒಬ್ಬ ವಯಸ್ಸಾದ ಪೈಲಟ್ ಇದ್ದಾರೆ. ಆ ಪಾತ್ರದ ನಟರಿಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ. ಅವರ ಬದ್ಲು ನೀವು. ಬೆನ್ನು ಮಾತ್ರ ಕಾಣತ್ತೆ. ಮೂವತ್ತಡಿ ಮೇಲಕ್ಕೆ ಹೋಗೋದು, ಒಂದು ನಿಮಿಷ ಇರೋದು, ಇಳಿದುಬಿಡೋದು. ಅಷ್ಟೇ!"

ಮೂವತ್ತಡಿಗೆ ಹೋಗಲು ವಿಮಾನ ಹಾರಲೇಬೇಕು, ಹಾರಿದ್ದು ಇಳಿಯಲೇಬೇಕು. ಭೋಜರಾಜರು ಹಾಲಿನ ಪ್ಯಾಕೆಟ್ಟನ್ನು ಬಾಗಿಲ ಪಕ್ಕ ಇಟ್ಟರು.

"ನನಗೆ ಬಿಪಿ ಇದೆಯಮ್ಮ. ಡಾಕ್ಟರು ಎತ್ತರ ಕೂಡದು ಅಂದಿದ್ದಾರೆ," ಎಂದರು.

"ಯಾವ ಡಾಕ್ಟರು? ಬಿಪಿ ಎಲ್ಲಾ ಒಣ್ಣುಮಿಲ್ಲ, ಏನೂ ಇಲ್ಲ," ಎಂದಳು ನಾಗಮಣಿ. ಹುಟ್ಟಿದ್ದು ಬೆಳೆದದ್ದೆಲ್ಲ ಚೆನ್ನೈ. ಅವಳ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬೀಳದೆ ರುಚಿಯಿಲ್ಲ.

ಅಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಮನೆಯ ಭೀಮಾಬಾಯಿ ಹೊರಗೆ ಬಂದರು. ಧಾರವಾಡದ ಕಡೆಯವರು, ನಲವತ್ತು ವರ್ಷ ನರ್ಸಾಗಿ ದುಡಿದು ನಿವೃತ್ತರಾದವರು. ವಿಷಯ ತಿಳಿಯುತ್ತಲೂ ಒಳಗೆ ಹೋಗಿ ಬಿಪಿ ಯಂತ್ರ ತಂದು, ಮೆಟ್ಟಿಲ ಮೇಲೆಯೇ ಭೋಜರಾಜರ ತೋಳಿಗೆ ಪಟ್ಟಿ ಸುತ್ತಿ, ಪುಸ್ ಪುಸ್ ಎಂದು ಗಾಳಿ ತುಂಬಿದರು.

"ನೂರಾ ಇಪ್ಪತ್ತು, ಎಂಬತ್ತು! ಇಪ್ಪತ್ತು ವರ್ಷದ ಹುಡುಗನ ಬಿಪಿ ಐತಿ ನಿಮ್ದು. ನಡೀರಿ, ನಾನೂ ಬರ್ತೀನಿ. ಇಮಾನ ಹತ್ತಿರದಾಗಿಂದ ನೋಡೇ ಇಲ್ಲ ನಾ."

ತನ್ನ ದೇಹ ಇಷ್ಟು ಆರೋಗ್ಯವಾಗಿರುವುದಕ್ಕೆ ಭೋಜರಾಜರಿಗೆ ಜೀವನದಲ್ಲಿ ಮೊದಲ ಬಾರಿ ಸಿಟ್ಟು ಬಂತು.

ಕಂಪನಿಯ ಕಾರು ಹತ್ತೇ ನಿಮಿಷದಲ್ಲಿ ವೃಂದಾಳ ಜೊತೆ ಮೂವರನ್ನೂ ಸ್ಟುಡಿಯೋದ ಗೇಟಿನೊಳಗೆ ತಂದು ಇಳಿಸಿತು. ಸಿಗ್ನಲ್ಲುಗಳೆಲ್ಲ ಹಸಿರು. ಮಾಮೂಲಿ ದಿನ ಅರ್ಧ ಗಂಟೆ ಹಿಡಿಯುವ ರಸ್ತೆ ಅದು.

ಹಿತ್ತಲಿನ ಬಯಲಿನಲ್ಲಿ ವಿಮಾನ ನಿಂತಿತ್ತು. ನೀಲಿ ಬಿಳಿ ಬಣ್ಣ, ಮೇಲಕ್ಕೆ ಮಡಚಿದ ರೆಕ್ಕೆತುದಿ, ಗಾಜಿನ ಟೊಪ್ಪಿಗೆ. ಆಟೋರಿಕ್ಷಾಕ್ಕೆ ರೆಕ್ಕೆ ಮೂಡಿದ ಹಾಗೆ ಪುಟ್ಟದಾಗಿ, ಬಾಲ ನೆಲಕ್ಕೆ ಇಟ್ಟು ಮೂಗು ಮೇಲೆತ್ತಿ ಕೂತಿತ್ತು. ಪುದುಚೇರಿಯಲ್ಲಿ ನೆಲೆಸಿದ್ದ ಫ್ರೆಂಚ್ ಮುದುಕನೊಬ್ಬ ಒಂದು ಕಾಲದಲ್ಲಿ ಪೆಟ್ಟಿಗೆಗಳಲ್ಲಿ ತರಿಸಿ ಜೋಡಿಸಿದ್ದನಂತೆ; ಅವನು ತೀರಿಕೊಂಡ ಮೇಲೆ ಸಿನಿಮಾದವರ ಪಾಲಾಗಿತ್ತು. ಅದನ್ನು ಕಂಡ ಒಂದು ಗಳಿಗೆ ಭೋಜರಾಜರು ಭಯವನ್ನೇ ಮರೆತರು. ಮೈಸೂರಿನ ಶೆಡ್ಡಿನ ಕಿಟಕಿಯಿಂದ ದಿನಾ ಆಸೆಗಣ್ಣಿನಿಂದ ನೋಡಿದ್ದ ಅದೇ ಆಕಾರ.

"ಇದನ್ನ ಮಾಡಿದ್ದು ಮಾವ ಅಳಿಯ ಇಬ್ಬರೇ," ಎಂದರು, ತಮಗರಿಯದೆ. "ಇಬ್ಬರ ಹೆಸರನ್ನೂ ಸೇರಿಸಿ ವಿಮಾನಕ್ಕೆ ಇಟ್ಟರು."

"ಮಾವ ಅಳಿಯನಾ?" ಎಂದಳು ನಾಗಮಣಿ. "ನೀವೂ ನಮ್ಮಪ್ಪನೂ ಸೇರಿ ಒಂದು ಸೀಲಿಂಗ್ ಫ್ಯಾನು ಹಾಕಕ್ಕೆ ಹೋಗಿ ಇಡೀ ಕ್ವಾರ್ಟರ್ಸಿನ ಕರೆಂಟು ತೆಗೆದ್ರಿ." ಹಾಗೆ ಹೇಳಿದಳೇ ಹೊರತು ಅವಳ ದನಿಯಲ್ಲಿ ಬೆಳಗಿನ ಗತ್ತು ಇರಲಿಲ್ಲ. ವಿಮಾನವನ್ನು ಕಂಡ ಮೇಲೆ ಅವಳ ಮುಖ ಸಣ್ಣಗಾಗಿತ್ತು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

ನಿರ್ದೇಶಕ ಅಭಿಲಾಷ್ ಓಡಿ ಬಂದ. ಅಪ್ಪ ಕೋಲಾರದವರಾದ್ದರಿಂದ ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಬಾಯಿ ತೆರೆದರೆ ಬರುವುದು ಮಾತ್ರ ಮೂರು ಭಾಷೆಯ ಕಲಸುಮೇಲೋಗರ. "ವಣಕ್ಕಂ ಕ್ಯಾಪ್ಟನ್ ಸಾರ್!" ಎಂದು ಕೈ ಹಿಡಿದುಕೊಂಡ. ಆದರೆ ಅವನ ಕಣ್ಣಿನಲ್ಲಿ ಒಂದು ಬಗೆಯ ಅಳುಕು ಇತ್ತು, ಅತ್ತೆ ಮನೆಗೆ ಬಂದಾಗ ಸೊಸೆಯ ಕಣ್ಣಿನಲ್ಲಿರುವಂಥದು.

ಭೋಜರಾಜರು ಗಂಭೀರವಾಗಿ ಸುತ್ತಲೂ ನೋಡಿದರು. ಬಯಲು ಹೆಚ್ಚೆಂದರೆ ಇನ್ನೂರಡಿ. ಒಂದು ಕೊನೆಯಲ್ಲಿ ರಟ್ಟಿನ ಪೊಲೀಸ್ ಠಾಣೆ, ಇನ್ನೊಂದು ಕೊನೆಯಲ್ಲಿ ಇಡ್ಲಿ ಬೇಯಿಸುವವರ ಶಾಮಿಯಾನ. ಪಕ್ಕದಲ್ಲಿ ಹಳದಿ ಬಣ್ಣದ ದೊಡ್ಡ ಕ್ರೇನೊಂದು ನಿಂತಿತ್ತು; ಅದು ಕ್ಯಾಮೆರಾಕ್ಕೆ ಇರಬೇಕು ಎಂದುಕೊಂಡರು.

"ಇಷ್ಟೇ ಜಾಗದಿಂದ ಏರಬೇಕಾ?"

"ಎಸ್ ಸಾರ್. ಇಂಗಿರುಂದೇ. ನೇರಾ ಮೇಲೆ."

"ಓಡದೇನೆ?"

"ಓಟ ಎದುಕ್ಕು ಸಾರ್? ನೇರಾ ಮೇಲೆ!"

"ಇಳಿಯೋದು?"

"ಅದೇ ಜಾಗ. ನೇರಾ ಕೆಳಗೆ." ಅಭಿಲಾಷ್ ಅಂಗೈಯನ್ನು ಗಾಳಿಯಲ್ಲಿ ಧೊಪ್ಪೆಂದು ಇಳಿಸಿ ತೋರಿಸಿದ.

ಭೋಜರಾಜರು ಕಣ್ಣು ಮುಚ್ಚಿ ತೆರೆದರು. ಇವನು ತನ್ನನ್ನು ಕೊಲ್ಲಲು ಸಂಕಲ್ಪ ಮಾಡಿ, ಅದನ್ನು ಚಿತ್ರೀಕರಿಸಲು ಮೂರು ಕ್ಯಾಮೆರಾ ಇಟ್ಟಿದ್ದಾನೆ.

ಬೆರಳನ್ನು ಬಾಯಲ್ಲಿ ಅದ್ದಿ ಮೇಲಕ್ಕೆ ಹಿಡಿದರು. "ಗಾಳಿ ಸರಿಯಿಲ್ಲ. ಸಮುದ್ರದ ಕಡೆಯಿಂದ ಜೋರಾಗಿ ಬೀಸ್ತಾ ಇದೆ. ಇಂಥ ಗಾಳೀಲಿ ಏರೋದು ಆತ್ಮಹತ್ಯೆ. ಇನ್ನೊಂದು ದಿನ ನೋಡೋಣ."

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಖಾಕಿ ಅಂಗಿಯ ಏಳುಮಲೈ ಎಂಬವನು ಜೇಬಿನಿಂದ ಗಾಳಿ ಅಳೆಯುವ ಪುಟ್ಟ ಯಂತ್ರ ತೆಗೆದು ಮೇಲೆತ್ತಿದ. "ಹದಿಮೂರು ಕಿಲೋಮೀಟರ್, ಸಾರ್. ಮೂವತ್ತರ ತನಕ ಪರವಾಯಿಲ್ಲೆ." ತಾಯಿ ಕೃಷ್ಣಗಿರಿಯವಳಾದ್ದರಿಂದ ಅವನಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಇವನು ವಿಮಾನದ ಮೆಕ್ಯಾನಿಕ್ ಇರಬೇಕೆಂದು ಭೋಜರಾಜರು ಭಾವಿಸಿದರು.

"ನನ್ನ ತೂಕ ಎಂಬತ್ತೆರಡು ಕಿಲೋ!" ಎಂದರು ಅವನ ಕಡೆ ತಿರುಗಿ. "ಇದು ತಡೆಯಲ್ಲಪ್ಪಾ."

ಏಳುಮಲೈ ನಕ್ಕ. "ಎಂಬತ್ತೆರಡಾ? ಐದು ಟನ್ ಇದ್ದರೂ ಎತ್ತತೀನಿ ಸಾರ್."

ಐನೂರು ಕಿಲೋದ ವಿಮಾನಕ್ಕೆ ಐದು ಟನ್! ಇಂಥ ಮೆಕ್ಯಾನಿಕ್ ಇರುವ ಕಡೆ ಬದುಕಿ ಬರುವುದು ಉಂಟೇ?

ಕೊನೆಯ ಪ್ರಯತ್ನವಾಗಿ ರೆಕ್ಕೆಯ ಹತ್ತಿರ ಹೋಗಿ ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು. ಇನ್ನೊಮ್ಮೆ ತಟ್ಟಿದಾಗ ಸಂದಿಯಿಂದ ರವೆಯಂಥ ಮರದ ಪುಡಿ ಉದುರಿತು. ಗೆದ್ದಲು! ಭೋಜರಾಜರ ಮುಖ ಬೆಳಗಿತು. ಗೆದ್ದಲನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಾರರು.

"ಇದು ಹಾರೋ ಸ್ಥಿತೀಲೇ ಇಲ್ಲ!" ಎಂದು ಘೋಷಿಸಿದರು.

ಅಭಿಲಾಷನ ಮುಖ ಬಿಳುಚಿತು. ವೃಂದಾ ಅವರ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಅಂಕಲ್, ರೆಕ್ಕೆ ಬಗ್ಗೆ ಯೋಚನೆ ಮಾಡಬೇಡಿ. ರಾತ್ರಿ ಒಳಗಡೆ ಕಬ್ಬಿಣದ ಚೌಕಟ್ಟು ಕೂರಿಸಿ ವೆಲ್ಡ್ ಮಾಡಿಸಿದ್ದೀನಿ. ಇದೊಂದು ಶಾಟ್ ಇವತ್ತು ಆಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗತ್ತೆ. ಮನೇಲಿ ಅಮ್ಮನಿಗೂ ಹೇಳಿಲ್ಲ, ಈ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ಅಂತ."

ವಿಮಾನಕ್ಕೆ ಕಬ್ಬಿಣ ತುಂಬಿದ್ದಾರೆ ಎಂದು ತಿಳಿದು ಉಳಿದಿದ್ದ ಜೀವವೂ ಹಾರಿಹೋಯಿತು. ಆದರೆ ಅವಳ ಕಣ್ಣು ತುಂಬಿತ್ತು. ಅತ್ತ ನಾಗಮಣಿ ನೋಡುತ್ತಿದ್ದಳು. ಭೀಮಾಬಾಯಿ ಆಗಲೇ ಫೋನೆತ್ತಿ ವೀಡಿಯೊ ಹಿಡಿಯುತ್ತಿದ್ದರು. ಭೋಜರಾಜರು ಪಾತ್ರದ ಚರ್ಮದ ಕೋಟು ತೊಟ್ಟು, ಬಲಿಗೆ ಹೊರಟ ಮೇಕೆಯ ನಡಿಗೆಯಲ್ಲಿ ಹೋಗಿ ಒಳಗೆ ಕೂತರು.

ಬೆಲ್ಟು ಬಿಗಿದರು. ಹೊರಗೆ ನಾಲ್ವರು ಸೇರಿ ವಿಮಾನಕ್ಕೆ ಸರಪಣಿ ಸಿಕ್ಕಿಸುತ್ತಿದ್ದರು. ಗಾಳಿಗೆ ಸರಿಯದಂತೆ ವಿಮಾನವನ್ನು ನೆಲಕ್ಕೆ ಕಟ್ಟುವ ಹಗ್ಗಗಳಿಗೆಂದು ಭೋಜರಾಜರೇ ಒಮ್ಮೆ ಪತ್ರ ಟೈಪು ಮಾಡಿದ್ದರು. ಕಟ್ಟಿಹಾಕುತ್ತಿದ್ದಾರೆ, ಇನ್ನೂ ಕಟ್ಟಲಿ, ಬಿಗಿಯಾಗಿ ಕಟ್ಟಲಿ ಎಂದು ಮನಸ್ಸಿನಲ್ಲೇ ಹಾರೈಸಿದರು.

"ರೆಡೀ!" ಎಂದು ಅಭಿಲಾಷ್ ಕೂಗಿದ.

ಹಿಂದುಗಡೆಯಿಂದ ಎಂಜಿನ್ ಘರ್‍ರ್ ಎಂದು ಅಬ್ಬರಿಸಿತು. ಎದುರಿಗೆ ಪ್ರೊಪೆಲ್ಲರ್ ಗಿರಗಿರನೆ ತಿರುಗಿತು. ವಿಮಾನವೆಲ್ಲ ನಡುಗಿತು. ಭೋಜರಾಜರು ಯಾವುದನ್ನೂ ಮುಟ್ಟಿರಲಿಲ್ಲ. ಅದು ತಾನಾಗಿಯೇ ಹೊರಟುನಿಂತಿತ್ತು! ಮೂವತ್ತಮೂರು ವರ್ಷ ಮುಚ್ಚಿದ್ದ ಬಾಯಿ ಆಗ ತೆರೆಯಿತು.

"ನಿಲ್ಸಿ! ನಿಲ್ಸೀ! ನಾನು ಪೈಲಟ್ ಅಲ್ಲ! ನಾನ್ ಪೈಲಟ್ ಇಲ್ಲೀಂಗೋ! ಐ ಯಾಮ್ ಟೈಪಿಸ್ಟ್! ಓನ್ಲಿ ಟೈಪಿಸ್ಟ್!"

ಮೂರು ಭಾಷೆಯಲ್ಲಿ ಕೂಗಿದ್ದರಿಂದ ಅರ್ಥವಾಗದವರು ಬಯಲಿನಲ್ಲಿ ಒಬ್ಬರೂ ಉಳಿಯಲಿಲ್ಲ. ಎಂಜಿನ್ ನಿಂತಿತು. ಇಡ್ಲಿಯವರು ಸೌಟು ಹಿಡಿದು ಹಾಗೇ ನಿಂತರು.

ಅಭಿಲಾಷ್ ಮೆಲ್ಲನೆ ನಡೆದು ಬಂದ. "ಸಾರ್, ನೀಂಗ ನಿಜವಾಗಿ ಪೈಲಟ್ ಅಲ್ವಾ?"

"ಅಲ್ಲಪ್ಪ. ವಿಮಾನದ ಒಳಗೆ ಕೂರ್ತಾ ಇರೋದೇ ಇವತ್ತು ಮೊದಲು. ಪೊಲೀಸಿಗೆ ಬೇಕಾದರೂ ಕೊಡು, ಹಾರು ಅಂತ ಮಾತ್ರ ಹೇಳಬೇಡ."

ಅಭಿಲಾಷ್ ಅವರನ್ನು ಬೆಲ್ಟಿನ ಸಮೇತ ತಬ್ಬಿಕೊಂಡ. "ಅಯ್ಯೋ ಸಾರ್! ಇದನ್ನ ಮುಂಚೇನೇ ಸೊಲ್ಲಕೂಡಾದಾ, ಹೇಳಬಾರದಾ! ಕೂರೋದು ಹಿಡಿಯೋದು ನಿಜ ಕಾಣಲಿ ಅಂತ ಕರೆಸಿದ ಇಬ್ಬರೂ ನಿಜವಾದ ಪೈಲಟ್ಟು. ಹೀಗೆ ಕೂರಲ್ಲ, ಹಾಗೆ ಹಿಡಿಯಲ್ಲ, ಈ ಗಡಿಯಾರ ತಪ್ಪು, ಆ ಸ್ವಿಚ್ಚು ತಪ್ಪು... ನನಗೇ ಪಾಠ! ಮೂರನೆಯವರು ಹಾಗೇ ಇರ್ತಾರೆ ಅಂತ ಬೆಳಿಗ್ಗೆಯಿಂದ ಹೆದರಿದ್ದೆ. ನೀವು ಗಾಳಿ ಬೇರೆ ನೋಡಿದಿರಿ, ರೆಕ್ಕೆ ಬೇರೆ ತಟ್ಟಿದಿರಿ!"

"ಆದರೆ ಹಾರಿಸೋದು ಯಾರು?"

"ಹಾರಿಸೋದಾ?" ಅಭಿಲಾಷ್ ಹೋಗಿ ವಿಮಾನದ ಮೂಗಿನ ಮುಚ್ಚಳ ಎತ್ತಿದ. ಎಂಜಿನ್ ಇರಬೇಕಾದ ಜಾಗದಲ್ಲಿ ಟೇಬಲ್ ಫ್ಯಾನಿನ ಒಂದು ಮೋಟಾರು, ಎರಡು ಹಲಗೆ, ಯಾರೋ ಬಚ್ಚಿಟ್ಟಿದ್ದ ಅರ್ಧ ಬಿಸ್ಕೆಟ್ ಪೊಟ್ಟಣ ಇದ್ದವು. "ಎಂಜಿನ್ ಯಾವಾಗಲೋ ಹೋಯ್ತು ಸಾರ್. ಎತ್ತೋದು ಏಳುಮಲೈ."

ಭೋಜರಾಜರು ತಲೆಯೆತ್ತಿ ನೋಡಿದರು. ಸರಪಣಿಗಳು ನೆಲಕ್ಕಲ್ಲ, ನೆತ್ತಿಯ ಮೇಲೆ ತೂಗುತ್ತಿದ್ದ ಕ್ರೇನಿನ ಕೊಕ್ಕೆಗೆ ಹೋಗಿದ್ದವು. ಕ್ರೇನಿನ ಕಿಟಕಿಯಿಂದ ಏಳುಮಲೈ ಕೈಬೀಸಿದ. ಆಗ ಅವರಿಗೆ ಹಿಂದುಗಡೆ ಅಬ್ಬರಿಸಿದ್ದು ಯಾವ ಎಂಜಿನ್ ಎಂಬುದೂ ಐದು ಟನ್ನಿನ ಲೆಕ್ಕವೂ ಅರ್ಥವಾದವು. ಎದೆಯ ಮೇಲಿನಿಂದ ಯಾರೋ ಗೋದ್ರೆಜ್ ಬೀರು ಇಳಿಸಿದ ಹಾಗಾಯಿತು.

ಮರುಕ್ಷಣ ನಾಗಮಣಿಯ ನೆನಪಾಯಿತು. ಅವಳು ಮರದ ಡಬ್ಬವೊಂದರ ಮೇಲೆ ಕುಸಿದು ಕೂತಿದ್ದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಭೋಜರಾಜರು ಬೆಲ್ಟು ಬಿಚ್ಚಿ ಇಳಿದು, ಚರ್ಮದ ಕೋಟಿನಲ್ಲೇ ಅವಳ ಎದುರು ಹೋಗಿ ನಿಂತರು.

"ತಪ್ಪಾಯ್ತು ಕಣೇ."

ನಾಗಮಣಿ ಮುಖವೆತ್ತಿದಳು. "ಅಪ್ಪಾಡಾ, ಮುರುಗಾ!" ಎಂದಳು. ಕಣ್ಣಿನಲ್ಲಿ ನೀರು, ತುಟಿಯಲ್ಲಿ ನಗು. "ಎಷ್ಟು ಭಯ ಗೊತ್ತಾ ನಂಗೆ? ಮದ್ವೆ ಆದಾಗಿಂದ ಭಯ. ಯಾವತ್ತಾದ್ರೂ ಒಂದಿನ ಇವರು ಮತ್ತೆ ವಿಮಾನ ಹತ್ತೀನಿ ಅಂದ್ರೆ ಏನ್ ಮಾಡ್ಲಿ ಅಂತ. ಪ್ರತಿ ತಿಂಗಳು ಕೃತ್ತಿಕೆ ದಿನ ಮುರುಗನ್ ಹತ್ರ ಅದೇ ಬೇಡಿಕೊಂಡು ಬರ್ತಿದ್ದೆ. ಇವತ್ತು ನಾನೇ ಬಾಯಿ ಬಿಟ್ಟು ಮಾಟ್ಟಿಕೊಂಡೆ, ಸಿಕ್ಕಿಬಿದ್ದೆ ಅಂತ ಕಾರಲ್ಲಿ ಕೂತಾಗಿಂದ ಕೈಕಾಲು ತಣ್ಣಗಾಗಿತ್ತು."

"ಹಾಗಾದ್ರೆ ಕೋಪ ಇಲ್ವಾ?"

"ಕೋಪ ಮನೆಗೆ ಹೋದ್ಮೇಲೆ," ಎಂದಳು ನಾಗಮಣಿ, ಮೂಗು ಒರೆಸಿಕೊಳ್ಳುತ್ತ.

"ಟೈಪಿಸ್ಟ್ ಅಂತ ಆವತ್ತೇ ಹೇಳಿದ್ರೆ ಮದುವೆ ಆಗ್ತಿದ್ದೆಯಾ?"

"ಆಗ್ತಿದ್ದೆ. ಆದ್ರೆ ಕೇಸರಿಬಾತಿಗೆ ಅಷ್ಟು ದ್ರಾಕ್ಷಿ ಗೋಡಂಬಿ ಹಾಕ್ತಿರ್ಲಿಲ್ಲ."

ಶಾಟ್ ಒಂದೇ ಸಲಕ್ಕೆ ಆಯಿತು. ಏಳುಮಲೈ ತೊಟ್ಟಿಲು ತೂಗುವವನಷ್ಟು ನಾಜೂಕಾಗಿ ವಿಮಾನವನ್ನು ಮೇಲೆತ್ತಿದ. ಭೋಜರಾಜರು ಹೇಳಿದ ಕಡೆ ನೋಡಿದರು, ಹೇಳಿದ ಹಾಗೆ ವಿಮಾನ ನಡೆಸುವ ಕೋಲು ಹಿಡಿದರು. ಮೂವತ್ತಡಿ ಮೇಲಿನಿಂದ ವಡಪಳನಿ ದೇವಸ್ಥಾನದ ಗೋಪುರದ ತುದಿ, ಯಾರದೋ ತಾರಸಿಯಲ್ಲಿ ಒಣಗಲು ಹಾಕಿದ ವಡಾಂ ಸಂಡಿಗೆ, ಮೆಟ್ರೋದ ಸೇತುವೆ ಎಲ್ಲ ಕಂಡವು. ಮೈಸೂರಿನ ಕಿಟಕಿಯೊಳಗಿನ ಆ ಟೈಪಿಸ್ಟ್ ಹುಡುಗ ಕಡೆಗೂ ಜೋಡೆಲ್‌ನಲ್ಲಿ ಕೂತಿದ್ದ. ಕೆಳಗೆ ನಾಗಮಣಿ ಸೆರಗು ಬೀಸುತ್ತಿದ್ದಳು. ಹೇಳಲು ಬಾಕಿ ಏನೂ ಇಲ್ಲದ ಮನುಷ್ಯನಿಗೆ ಮೈ ಎಷ್ಟು ಹಗುರ ಎಂದು ಭೋಜರಾಜರಿಗೆ ಅನ್ನಿಸಿತು. ಇಳಿಸುವಾಗ ಸ್ವಲ್ಪ ಬೇಸರವೇ ಆಯಿತು.

ಶೂಟಿಂಗಿನವರ ಊಟ ಮುಗಿಸಿ ಮೂವರೂ ಕಾರು ಹತ್ತಿದರು. ಕಾರು ಗೇಟು ದಾಟಿದ ಮೇಲೆ ಭೀಮಾಬಾಯಿ ಗಂಟಲು ಸರಿಮಾಡಿಕೊಂಡರು.

"ನೀವು ಪೈಲಟ್ ಅಲ್ಲಂತ ಗೊತ್ತಾಗಿದ್ದು ಭಾಳ ಛಲೋ ಆತು ನೋಡ್ರಿ."

"ಬೇಜಾರಾಗಲಿಲ್ಲವಲ್ಲ, ಅಷ್ಟು ಸಾಕು," ಎಂದರು ಭೋಜರಾಜರು ಕೃತಜ್ಞತೆಯಿಂದ.

"ಬ್ಯಾಸರ ಯಾಕ್ರಿ? ನಾ ನಮ್ಮ ಬಿಲ್ಡಿಂಗ್ ಸಂಘದ ಅಧ್ಯಕ್ಷಿ ಆಗಿ ಎರಡು ವರ್ಷ ಆತು. ಸೆಕ್ರೆಟರಿ ಆಗಾಕ ಒಬ್ರೂ ಒಪ್ಪವಲ್ರು. ನಿಮ್ಮನ್ನ ಕೇಳೂಣು ಅಂತ ಎಲ್ಲಾರೂ ಅಂದ್ರು. ನಾನೇ ಬ್ಯಾಡ ಅಂದೆ. ಮುಗಿಲಾಗ ಹಾರಾಡಿದ ಮನಷ್ಯಾಗ ಗಟಾರದ ದೂರು ಬರಕೋ ಅಂತ ಹೆಂಗ ಹೇಳೂದು? ಮರ್ಯಾದಿ ಅಲ್ಲ. ಈಗ ಹಂಗಲ್ಲಲಾ! ಟೈಪಿಂಗ್ ಬರ್ತೈತಿ, ರಿಟೈರ್ಡ್ ಆಗೀರಿ, ಬಿಪಿನೂ ಚೊಕ್ಕ ಐತಿ."

"ಅಯ್ಯೋ, ನಾನು ಸ್ವಲ್ಪ ಯೋಚನೆ ಮಾಡಿ..."

"ಯೋಚನಿ ಏನೂ ಬ್ಯಾಡ್ರಿ. ನೀವು ಮ್ಯಾಲೆ ಇದ್ದಾಗ ವಾಟ್ಸಾಪ್ ಗ್ರೂಪಿನಾಗ ಹಾಕಿದೆ. ಹದಿನಾಲ್ಕು ಮನಿಯವ್ರೂ ಒಪ್ಪ್ಯಾರ. ಒಬ್ರೂ ಎದುರು ನಿಂತಿಲ್ಲ."

ಭೋಜರಾಜರು ಹೆಂಡತಿಯ ಕಡೆ ನೋಡಿದರು. ನಾಗಮಣಿ ಕಿಟಕಿಯ ಹೊರಗೆ ನೋಡುತ್ತ ನಗು ತಡೆಯುತ್ತಿದ್ದಳು. ಅವಳ ಕೋಪ ಮನೆ ತಲುಪುವ ಮೊದಲೇ ತೀರಿದಂತಿತ್ತು.

ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟು ನಿಂತಿತ್ತು. ಮೂರು ಮಹಡಿ ಹತ್ತಿ ಬಂದರೆ ಮನೆಯ ಬಾಗಿಲ ಮುಂದೆ ಆಗಲೇ ನಾಲ್ಕು ಜನ. ಒಬ್ಬರ ಮನೆಯ ನಲ್ಲಿಯಲ್ಲಿ ಕೆಂಪು ನೀರು. ಇನ್ನೊಬ್ಬರ ಕಾರಿನ ಜಾಗದಲ್ಲಿ ಮತ್ತೊಬ್ಬರ ಕಾರು. ಆ ಮತ್ತೊಬ್ಬರೂ ಅಲ್ಲೇ ಇದ್ದರು. ನಾಲ್ಕನೆಯವರು ಲಿಫ್ಟಿನ ಬಗ್ಗೆ ಬರೆದು ತಂದ ಎರಡು ಪುಟದ ದೂರನ್ನು ಚಾಚಿ, "ಸೆಕ್ರೆಟರಿ ಸಾರ್, ಇದನ್ನ ಟೈಪ್ ಮಾಡಿ ಮೂರು ಪ್ರತಿ," ಎಂದರು. ಕೆಳಗಿನಿಂದ ಇನ್ನೂ ಯಾರೋ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು.

ಭೋಜರಾಜರು ಒಂದು ನಿಮಿಷ ಎಂದು ಸನ್ನೆ ಮಾಡಿ, ಗೋಡೆಯ ಕಡೆ ತಿರುಗಿ ವೃಂದಾಗೆ ಫೋನು ಮಾಡಿದರು.

"ಏನಮ್ಮಾ, ಆ ಶಾಟು... ಚೆನ್ನಾಗಿ ಬಂದಿದೆ ತಾನೆ? ಇಲ್ಲ, ಇನ್ನೊಂದ್ಸಲ ತೆಗೀಬೇಕು ಅಂತ ಅಭಿಲಾಷ್‌ಗೆ ಏನಾದ್ರೂ ಅನ್ನಿಸಿದ್ರೆ ಸಂಕೋಚ ಬೇಡ, ಈಗಲೇ ಬರ್ತೀನಿ. ಮತ್ತೆ ಏಳುಮಲೈಗೆ ಹೇಳಮ್ಮ, ಇಳಿಸೋದಕ್ಕೆ ಏನೂ ಅವಸರ ಇಲ್ಲ ಅಂತ."